ಮಲಂಗಗಡದ ಹಾದಿಯಲ್ಲಿ

ಉಲ್ಹಾಸನಗರದ ನಮ್ಮ ಮನೆಯ ಮಾಳಿಗೆಯಿಂದ ಮಲಂಗಗಡ ನಿತ್ಯವೂ ಕಾಣುತ್ತದೆ. ಹತ್ತಲು ಹೊರಟದ್ದು ಮಾತ್ರ ಈ ವರ್ಷದ ಫಾಲ್ಗುಣದಲ್ಲಿ. ಬುತ್ತಿ ಕಟ್ಟಿಕೊಂಡು ಕಲ್ಯಾಣದಲ್ಲಿ ಬಸ್ಸು ಹಿಡಿದೆವು. ಎರಡು ಬಾಟಲಿ ನೀರು ಸಾಕೆಂಬುದು ಮನೆಯ ಯಜಮಾನರ ಲೆಕ್ಕ!

ಹೊತ್ತೇರಿದಂತೆ ಕರಿಗಲ್ಲು ಕಾದ ಹೆಂಚಾಯಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಕಲ್ಲಂತೆ ಇದು. ಇನ್ನೂ ಆರಿಲ್ಲವೆಂದು ನಮ್ಮ ಹಿರಿಮಗನ ವಾದ. ಅರ್ಧ ದಾರಿಗೇ ನೀರು ಮುಗಿಯಿತು. ಕಿರಿಯವಳು ಮುಖ ಬಾಡಿ, ಮಾತಿಲ್ಲದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಾಗ ನಮ್ಮ ಜೀವವೇ ಹಾರಿತು.

ಹಾಜಿ ಮಲಂಗ ದರ್ಗಾದಿಂದ ಇಳಿದು ಬರುತ್ತಿದ್ದ ಮುದುಕಿಯೊಬ್ಬಳು ತನ್ನ ಬಾಟಲಿಯನ್ನೇ ಕೊಟ್ಟಳು. "ನಿಮಗೆ?" ಎಂದೆವು. ತಾನು ಇಳಿಯುವವಳೆಂದು ಕೆಳಗೆ ಕೈ ತೋರಿದಳು.

ನಾವು ದರ್ಗಾದವರೆಗೆ ಹೋಗಲಿಲ್ಲ. ಬುಡದ ಮರದಡಿ ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುವಾಗ ಯಜಮಾನರು ಯಾರ ಮುಖವನ್ನೂ ನೋಡಲಿಲ್ಲ.