ಹಾರಿದ ಗಂಟೆಗಳು

ಆನಂದಪುರದ ನಮ್ಮ ನೆರೆಮನೆಯ ಹುಡುಗ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತವನು. ಹೊಟ್ಟೆಪಾಡಿಗಲ್ಲ, ಬರಿಯ ಹುಚ್ಚಿಗೆ. ಮೊನ್ನೆ ಅದೇ ಹುಚ್ಚಿನ ಗೆಳೆಯನೊಬ್ಬನೊಡನೆ ಊರಿಗೆ ಬಂದಿದ್ದ. ಜಗಲಿಯ ಮೇಲೆ ಇಬ್ಬರದೂ ಒಂದೇ ಮಾತು: ಈ ತಿಂಗಳು ಎಷ್ಟು ಗಂಟೆ ಹಾರಿದೆ? ಖಾಸಗಿ ಪರವಾನಗಿಗೇ 40 ಗಂಟೆ ಬೇಕಂತೆ. ಅದರಲ್ಲಿ ಒಮ್ಮೆ ಒಬ್ಬನೇ, ಬೇರೆ ಎರಡು ಕಡೆ ಇಳಿದು, 150 ನಾಟಿಕಲ್ ಮೈಲಿ, ಎಂದರೆ ಸುಮಾರು 278 ಕಿಲೋಮೀಟರು ಸುತ್ತಿ ಬರಬೇಕು. ಎಲ್ಲವೂ ಪುಸ್ತಕದಲ್ಲಿ ದಾಖಲು. ನನ್ನ ಕನ್ನಡ ತರಗತಿಯಲ್ಲಿ ಗಂಟೆ ಎಣಿಸುವವರು ಇಲ್ಲದಿಲ್ಲ. ಆದರೆ ಅವರು ಎಣಿಸುವುದು ಅದು ಯಾವಾಗ ಮುಗಿದೀತೆಂದು!

ಪಡುವಣಕ್ಕೆ ಹಾರಿದಾಗ ಶರಾವತಿಯ ಹಿನ್ನೀರು ಕಂಡಿತೆಂದು ಹುಡುಗ ಹೇಳಿದ. ಕವಳ ಹಾಕುತ್ತಿದ್ದ ಅವನ ಅಜ್ಜ ತಲೆಯೆತ್ತಿದರು.

"ನಮ್ಮೂರು ಕಂಡಿತೇನೋ?"

1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮುಳುಗಿದ ಊರು ಅದು. ಸಾಮಾನಿನ ಗಾಡಿಯ ಹಿಂದೆ ದನ ಹೊಡೆದುಕೊಂಡು ಆನಂದಪುರದವರೆಗೆ ಅವರು ನಡೆದೇ ಬಂದವರು. ಆ ಗಂಟೆಗಳನ್ನು ಯಾರೂ ಬರೆದಿಡಲಿಲ್ಲ.

"ನೀರೇ ಅಜ್ಜ, ಬರೀ ನೀರು."

"ಕಡುಬೇಸಿಗೆಯಲ್ಲಿ ಹೋಗು. ನೀರು ತೀರಾ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ. ಅಲ್ಲಿಂದ ನಾನು ದಾರಿ ಹೇಳುತ್ತೇನೆ."

ಗೆಳೆಯ ಚೀಲದಿಂದ ನಕ್ಷೆ ತೆಗೆದು ಜಗಲಿಯ ಮೇಲೆ ಹರಡಿದ. ಅಜ್ಜ ಕನ್ನಡಕ ಹುಡುಕತೊಡಗಿದರು.