ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ...

ಇಲ್ಲಿ ಏನಾದರೂ ಗೀಚಿ ಎರಡು ತಿಂಗಳ ಮೇಲಾಯ್ತು. "ಎಲ್ಲಿ ಮಾರಾಯಾ, ಪತ್ತೇನೇ ಇಲ್ಲ" ಅಂತ ಮೇಲ್ ಮಾಡಿದವರಿಗೆಲ್ಲ ಒಂದೇ ಉತ್ತರ: ಆಫೀಸಿನಲ್ಲಿ ಹೊಸ ಪ್ರಾಜೆಕ್ಟು. ಆಸ್ಪತ್ರೆಗಳ ಎಕ್ಸ್-ರೇ ಚಿತ್ರಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸೋ ಸಾಫ್ಟ್‌ವೇರ್. ಹಾಗಾಗಿ ಈ ಸಲ ಕವನ ಇಲ್ಲ, ಮಳೆಗಾಲದ ನೆನಪೂ ಇಲ್ಲ. ಎಕ್ಸ್-ರೇ ಬಗ್ಗೆ ಬರೀತಿದೀನಿ. ಓಡಿಹೋಗ್ಬೇಡಿ, ಮಧ್ಯದಲ್ಲಿ ನಮ್ಮಪ್ಪನೂ ಬರ್ತಾರೆ :-)

ನಾವೆಲ್ಲ ಎಕ್ಸ್-ರೇನ ಒಂದು ಫೋಟೋ ಅಂದುಕೊಂಡಿದೀವಿ. ಅದು ನಿಜವಾಗಿ ನೆರಳು. ತೊಗಲುಗೊಂಬೆ ಆಟ ನೋಡಿದೀರಾ? ಹಿಂದೆ ದೀಪ, ನಡುವೆ ತೊಗಲಿನ ಗೊಂಬೆ, ಮುಂದೆ ಬಿಳಿ ಪರದೆ. ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ಅದರ ಕಿರೀಟದ ಒಂದೊಂದು ತೂತೂ ಕಾಣುತ್ತೆ. ಅದನ್ನೇ ದೀಪದ ಕಡೆಗೆ ಸರಿಸಿ ನೋಡಿ, ನೆರಳು ದೊಡ್ಡದಾಗುತ್ತೆ, ಅಂಚು ಮಸುಕಾಗುತ್ತೆ. ಎಕ್ಸ್-ರೇ ಕೋಣೆಯಲ್ಲೂ ನಡೆಯೋದು ಇಷ್ಟೇ. ದೀಪದ ಜಾಗದಲ್ಲಿ ಎಕ್ಸ್-ರೇ ಟ್ಯೂಬು, ಪರದೆಯ ಜಾಗದಲ್ಲಿ ಫಿಲ್ಮು ಅಥವಾ ಡಿಟೆಕ್ಟರು. ಗೊಂಬೆ ಮಾತ್ರ ನಾವೇ! 1895ರ ಡಿಸೆಂಬರ್ 22ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನು ಉಂಗುರದ ಸಮೇತ ಪ್ಲೇಟಿನ ಮೇಲೆ ಮೂಡಿಸಿದನಲ್ಲ, ಅದೂ ಇಂಥದ್ದೇ ಒಂದು ನೆರಳು.

ನೆರಳು ಚೂಪಾಗಿ ಬೀಳಬೇಕಾದರೆ ದೀಪ ಪುಟ್ಟದಿರಬೇಕು. ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಬಿಲ್ಲೆಗೆ ಹೋಗಿ ಬಡಿಯೋ ಜಾಗಕ್ಕೆ ಫೋಕಲ್ ಸ್ಪಾಟ್ ಅಂತಾರೆ. ಸಾಮಾನ್ಯವಾಗಿ ಸಣ್ಣದು 0.6 ಮಿಲಿಮೀಟರ್, ದೊಡ್ಡದು 1.2 ಮಿಲಿಮೀಟರ್. ಹಾಗಾದರೆ ಯಾವಾಗಲೂ ಸಣ್ಣದನ್ನೇ ಬಳಸಬಹುದಲ್ಲ ಅಂತ ನಾನೂ ಕೇಳಿದೆ. ಆಗಲ್ಲವಂತೆ. ಬಡಿದ ಶಕ್ತಿಯಲ್ಲಿ ಎಕ್ಸ್-ರೇ ಆಗೋದು ಹೆಚ್ಚುಕಮ್ಮಿ 1% ಮಾತ್ರ, ಮಿಕ್ಕಿದ್ದೆಲ್ಲ ಬರೀ ಬಿಸಿ. ಅಷ್ಟು ಬಿಸಿಯನ್ನು ಸಾಸಿವೆಯಂಥ ಜಾಗಕ್ಕೆ ಸುರಿದರೆ ಲೋಹವೇ ಕರಗೀತು. ಅದಕ್ಕೇ ಕೈಬೆರಳಿಗೆ ಸಣ್ಣದು, ಹೆಚ್ಚು ಕಿರಣ ಬೇಕಾಗೋ ಸೊಂಟಕ್ಕೆ ದೊಡ್ಡದು.

ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ನಮ್ಮ ಪ್ರಾಜೆಕ್ಟಿಗೆ ಸಲಹೆ ಕೊಡಲು ಬರುತ್ತಿದ್ದ ಹಿರಿಯ ರೇಡಿಯೋಗ್ರಾಫರ್ ಒಬ್ಬರು. ಮೂವತ್ತು ವರ್ಷ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಬಂದವರು. ಅವರ ಲೆಕ್ಕದಲ್ಲಿ ಟೆಕ್ನಿಷಿಯನ್ ಕೈಯಲ್ಲಿರೋ ಮುಖ್ಯ ತಿರುಪು ಎರಡೇ. ಒಂದು ಕೆವಿ, ಅಂದರೆ ಕಿರಣ ಎಷ್ಟು ಜೋರಾಗಿ ತೂರಿಕೊಂಡು ಹೋಗಬೇಕು ಅನ್ನೋದು. ಇನ್ನೊಂದು ಎಂಎಎಸ್, ಅಂದರೆ ಕಿರಣ ಎಷ್ಟು ಬರಬೇಕು ಅನ್ನೋದು. ಕೈಗೆ 50-60 ಕೆವಿ ಸಾಕು, ಮೂಳೆಯ ಸಣ್ಣ ಬಿರುಕೂ ಎದ್ದು ಕಾಣುತ್ತೆ. ಎದೆಗೆ ಸಾಮಾನ್ಯವಾಗಿ 110ರಿಂದ 125. ಅಲ್ಲಿ ಪಕ್ಕೆಲುಬು ಸ್ವಲ್ಪ ಮಂಕಾಗಬೇಕು, ಅದರ ಹಿಂದಿನ ಶ್ವಾಸಕೋಶ ಕಾಣಬೇಕು. ಕೆವಿ 15% ಏರಿಸಿದರೆ ಎಂಎಎಸ್ ಎರಡರಷ್ಟು ಮಾಡಿದ ಹಾಗೆ ಅನ್ನೋದು ಅವರ ಬಾಯಿಪಾಠದ ಮಗ್ಗಿ. ದೂರದ ಲೆಕ್ಕ ನಮಗೆ ಪಿಯುಸಿಯಲ್ಲೇ ಗೊತ್ತು: ದೂರ ಎರಡರಷ್ಟಾದರೆ ಕಿರಣ ಕಾಲುಭಾಗ. ನೂರು ಸೆಂಟಿಮೀಟರಿನಿಂದ 180ಕ್ಕೆ ಹೋದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಎಂಎಎಸ್ ಬೇಕು.

ಇನ್ನು ಚಿತ್ರ ಕೆಡಿಸೋ ಇಬ್ಬರು ಕಳ್ಳರು. ಮೊದಲನೆಯವನು ಚದುರಿದ ಕಿರಣ. ಮೈಯೊಳಗೆ ಹೋದ ಕಿರಣ ನೆಟ್ಟಗೆ ಬರದೆ ಎಲ್ಲೆಲ್ಲೋ ಚದುರಿ ಚಿತ್ರದ ಮೇಲೆಲ್ಲ ಮಂಜು ಕವಿಸುತ್ತೆ. ಆಗುಂಬೆಯ ಬೆಳಗಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ, ಬೆಳಕು ಜಾಸ್ತಿಯಾದಷ್ಟೂ ರಸ್ತೆ ಕಾಣಲ್ಲ. ಇದಕ್ಕೆ ಸುಲಭದ ಮದ್ದು ಕಿರಣದ ಕಿಟಕಿಯನ್ನು ಬೇಕಾದಷ್ಟಕ್ಕೇ ಕಿರಿದು ಮಾಡೋದು. ಮಂಜೂ ಕಡಿಮೆ, ರೋಗಿಯ ಮೈಗೆ ಬೀಳೋ ಕಿರಣವೂ ಕಡಿಮೆ. ದಪ್ಪ ಭಾಗಗಳಿಗೆ 1913ರಲ್ಲಿ ಗುಸ್ತಾವ್ ಬಕಿ ಕಂಡುಹಿಡಿದ ಗ್ರಿಡ್ ಇದೆ. ಸೀಸದ ತೆಳು ಪಟ್ಟಿಗಳ ಜಾಲರಿ ಅದು. ನೆಟ್ಟಗೆ ಬಂದದ್ದಕ್ಕೆ ದಾರಿ ಬಿಟ್ಟು, ಓರೆಯಾಗಿ ಬಂದದ್ದನ್ನು ನುಂಗಿಬಿಡುತ್ತೆ. ಆದರೆ ಗ್ರಿಡ್ ಹಾಕಿದರೆ ಕಿರಣ ಜಾಸ್ತಿ ಬೇಕು. ಪುಕ್ಕಟೆ ಏನೂ ಸಿಗಲ್ಲ ನೋಡಿ.

ಎರಡನೇ ಕಳ್ಳ ಅಲುಗಾಟ. ಅದಕ್ಕೇ ಆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ". ಆದರೆ ಎದೆಯ ಎಕ್ಸ್-ರೇಗೆ ಉಸಿರು ಹಿಡಿಸೋದು ಬರೀ ಅಲುಗಾಡದಿರಲಿ ಅಂತಲ್ಲ. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ಮನೆಯಲ್ಲೇ.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಜ್ವರ, ಕೆಮ್ಮು. ನಿಲ್ಲಲೂ ತ್ರಾಣ ಇರಲಿಲ್ಲ. ಊರ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿಸಿಯೇ ಎದೆಯ ಎಕ್ಸ್-ರೇ ತೆಗೆದರು. ರಿಪೋರ್ಟಿನಲ್ಲಿ ಒಂದು ಸಾಲು: ಹೃದಯ ದೊಡ್ಡದಾಗಿದೆ. ಅಷ್ಟೇ. ಮಲಗಿಸಿ ತೆಗೆದದ್ದು ಅನ್ನೋ ಮಾತು ಎಲ್ಲೂ ಇಲ್ಲ.

ನಾನು ಊರಿಗೆ ಹೋಗುವಷ್ಟರಲ್ಲಿ ಉಪ್ಪಿನಕಾಯಿ ಭರಣಿ ಅಟ್ಟ ಹತ್ತಿತ್ತು. ಅಮ್ಮ ಸಾರಿಗೆ ಉಪ್ಪು ಹಾಕೋದನ್ನೇ ಬಿಟ್ಟಿದ್ದಳು. ಅಪ್ಪ ಹೆಚ್ಚು ಮಾತಾಡುವ ಜನ ಅಲ್ಲ. ಅವತ್ತು ರಾತ್ರಿ ಊಟ ಆದಮೇಲೆ ನನ್ನನ್ನು ಕರೆದು ಎಲ್‌ಐಸಿ ಪಾಲಿಸಿ ಯಾವ ಟ್ರಂಕಿನಲ್ಲಿದೆ, ಸೊಸೈಟಿ ಸಾಲ ಎಷ್ಟು ಬಾಕಿ, ಮೇಲಿನ ತೋಟದ ಗಡಿ ಕಲ್ಲು ಎಲ್ಲಿದೆ ಅಂತ ಒಂದೊಂದಾಗಿ ಹೇಳುತ್ತಾ ಹೋದರು. ನಾನು "ಹ್ಞೂಂ" ಅನ್ನುತ್ತಾ ಕೂತಿದ್ದೆ. ಬೇರೆ ಏನು ಅನ್ನಬೇಕು ಅಂತ ಗೊತ್ತಾಗಲಿಲ್ಲ.

ನಿದ್ದೆ ಬರಲಿಲ್ಲ. ಅವರು ಕೊಟ್ಟಿದ್ದ ಸಿಡಿಯನ್ನು ಲ್ಯಾಪ್‌ಟಾಪಿಗೆ ಹಾಕಿ ತೆರೆದೆ. ಇಂಥ ಚಿತ್ರಗಳು ಡೈಕಾಮ್ ಅನ್ನೋ ಫಾರ್ಮ್ಯಾಟಿನಲ್ಲಿ ಇರುತ್ತವೆ. ಚಿತ್ರದ ಜೊತೆಗೇ ಕೆವಿ ಎಷ್ಟು, ದೂರ ಎಷ್ಟು, ಕಿರಣ ಯಾವ ಕಡೆಯಿಂದ ಅನ್ನೋದಕ್ಕೆಲ್ಲ ಖಾನೆಗಳಿರುತ್ತವೆ. ದಿನಾ ನೋಡೋ ಖಾನೆಗಳೇ. ಇದರಲ್ಲಿ ಬರೆದಿತ್ತು: ಎಪಿ, ದೂರ 100 ಸೆಂಟಿಮೀಟರ್.

ಎಪಿ ಅಂದರೆ ಕಿರಣ ಎದೆಯ ಕಡೆಯಿಂದ ಬಂದು ಬೆನ್ನಿನಿಂದ ಹೊರಬೀಳೋದು. ನಿಂತು ತೆಗೆಸಿಕೊಳ್ಳುವಾಗ ಇದು ಉಲ್ಟಾ. ಎದೆಯನ್ನು ಡಿಟೆಕ್ಟರಿಗೆ ಒತ್ತಿ, ಆರಡಿ ದೂರದಿಂದ, ಬೆನ್ನ ಕಡೆಯಿಂದ ಕಿರಣ ಬಿಡ್ತಾರೆ. ಅದು ಪಿಎ. ತೊಗಲುಗೊಂಬೆ ನೆನಪಿಸಿಕೊಳ್ಳಿ. ಹೃದಯ ಇರೋದು ಎದೆಯ ಮುಂಭಾಗಕ್ಕೆ. ಮಲಗಿಸಿದಾಗ ಅದು ಪರದೆಯಿಂದ ದೂರ, ದೀಪವೋ ಹತ್ತಿರ. ಹೃದಯ ಡಿಟೆಕ್ಟರಿನಿಂದ 16 ಸೆಂಟಿಮೀಟರ್ ಮೇಲಿದ್ದರೆ ನೆರಳು 100 ಭಾಗಿಸು 84, ಅಂದರೆ ಸುಮಾರು 19% ದೊಡ್ಡದು. ನಿಂತಾಗ 8 ಸೆಂಟಿಮೀಟರ್ ಅಂತಿಟ್ಟುಕೊಂಡರೆ 180 ಭಾಗಿಸು 172, ಬರೀ 5%. ಎದೆಗೂಡಿನ ನೆರಳೂ ಹಿಗ್ಗುತ್ತೆ ನಿಜ, ಆದರೆ ಮಲಗಿದಾಗ ಮುಂದಿರೋ ಹೃದಯ ಅದಕ್ಕಿಂತ ಜಾಸ್ತಿ ಹಿಗ್ಗುತ್ತೆ. ಹೃದಯದ ಅಗಲ ಎದೆಗೂಡಿನ ಅಗಲದ ಅರ್ಧ ದಾಟಬಾರದು ಅನ್ನೋ ಲೆಕ್ಕ ಇರೋದು ನಿಂತು ತೆಗೆದ ಪಿಎ ಚಿತ್ರಕ್ಕೆ.

ಇನ್ನೊಂದು ವಿಷಯ. ವಪೆಯ ಮೇಲೆ ಕಾಣೋ ಬೆನ್ನಿನ ಕಡೆಯ ಪಕ್ಕೆಲುಬು ಎಣಿಸಿದೆ. ಏಳು. ಪೂರ್ತಿ ಉಸಿರೆಳೆದಿದ್ದರೆ ಒಂಬತ್ತು, ಹತ್ತು ಕಾಣಬೇಕು. ಅರೆ ಉಸಿರಿನಲ್ಲಿ ವಪೆ ಮೇಲೇರಿ ಹೃದಯವನ್ನು ಅಡ್ಡಡ್ಡ ಮಲಗಿಸುತ್ತೆ, ಶ್ವಾಸಕೋಶದ ಬುಡ ಒತ್ತಿಕೊಂಡು ಮಬ್ಬಾಗುತ್ತೆ. ಪಾಪ, ಜ್ವರದಲ್ಲಿ ಕೆಮ್ಮುತ್ತಾ ಮಲಗಿದವರು ಎಷ್ಟು ಉಸಿರು ಎಳೆದಾರು?

ನಾನು ಡಾಕ್ಟರಲ್ಲ. ಹೃದಯ ಸರಿ ಇದೆ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದರೆ ಆ ಚಿತ್ರ ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಚಿತ್ರ ಅಲ್ಲ ಅನ್ನೋದಂತೂ ಖಾತ್ರಿಯಾಯ್ತು. ಬೆಳಿಗ್ಗೆ ಪೇಟೆಯ ಫಿಸಿಶಿಯನ್ ಹತ್ತಿರ ಹೋದೆವು. ಅವರು ಅಪ್ಪನನ್ನು ಪರೀಕ್ಷೆ ಮಾಡಿ, ಚಿತ್ರವನ್ನು ಒಂದು ಕ್ಷಣ ನೋಡಿ, "ಜ್ವರ ಇಳೀಲಿ, ನಿಲ್ಲಿಸಿ ಇನ್ನೊಂದು ತೆಗೆಸೋಣ. ಅದರಲ್ಲೂ ದೊಡ್ಡದು ಕಂಡರೆ ಎಕೋ ಮಾಡಿಸೋಣ" ಅಂದರು.

ವಾರದ ಮೇಲೆ ಬೇರೆ ಕಡೆ ತೆಗೆಸಿದೆವು. ಅಲ್ಲಿದ್ದ ಹುಡುಗಿಗೆ ನನಗಿಂತ ಕಡಿಮೆ ವಯಸ್ಸು. ಬಟನ್ ಒತ್ತೋಕೆ ಅರೆಗಳಿಗೆ ಸಾಕು, ಅದಕ್ಕೂ ಮುಂಚೆ ಆಕೆ ಐದು ನಿಮಿಷ ತಗೊಂಡಳು. ಕೊರಳಿನ ತಾಯಿತ ತೆಗೆಸಿದಳು. ಗಲ್ಲ ಮೇಲೆತ್ತಿಸಿದಳು. ಕೈ ಸೊಂಟದ ಮೇಲಿಟ್ಟು ಮೊಣಕೈ ಮುಂದಕ್ಕೆ ತಳ್ಳಿಸಿದಳು, ಹೆಗಲಿನ ಹಲಗೆ ಮೂಳೆ ಶ್ವಾಸಕೋಶಕ್ಕೆ ಅಡ್ಡ ಬರಬಾರದಲ್ಲ. ಎರಡು ಭುಜವೂ ಸಮ ಇದೆಯಾ ನೋಡಿದಳು, ಮೈ ಚೂರು ತಿರುಗಿದರೂ ಹೃದಯದ ಆಕಾರ ಬದಲಾಗುತ್ತೆ. ಆಮೇಲೆ ಎರಡು ಸಲ ಉಸಿರಿನ ಪ್ರಾಕ್ಟೀಸು. "ಅಜ್ಜಾ, ಇನ್ನೂ ಎಳೀರಿ, ಇನ್ನೂ... ಹಾಂ, ಹಿಡ್ಕೊಳ್ಳಿ!"

ಹತ್ತು ಪಕ್ಕೆಲುಬು. ಹೃದಯ ಅರ್ಧದೊಳಗೇ. ಫಿಸಿಶಿಯನ್ ನೋಡಿ, ಹೃದಯದ ಅಳತೆ ಸರಿಯಾಗಿದೆ, ಕೆಮ್ಮು ಸೋಂಕಿನದ್ದು, ಅದೂ ವಾಸಿಯಾಗ್ತಾ ಇದೆ ಅಂದರು. ಅಪ್ಪ ಹೊರಗೆ ಬಂದವರೇ ಮೊದಲು ಕೇಳಿದ್ದು, "ಭರಣಿ ಇಳಿಸಬಹುದಾ?" :-)

ಮಲಗಿಸಿ ತೆಗೆಯೋದೇ ತಪ್ಪು ಅಂತ ಖಂಡಿತ ಹೇಳ್ತಿಲ್ಲ. ನಿಲ್ಲಲಾಗದವರಿಗೆ ಅದೇ ದಾರಿ, ಎಷ್ಟೋ ಜೀವ ಅದರಿಂದ ಉಳಿದಿದೆ. ಹೇಗೆ ತೆಗೆದದ್ದು ಅನ್ನೋ ಒಂದೇ ಒಂದು ಪದ ಚಿತ್ರದ ಜೊತೆ ರಿಪೋರ್ಟಿನವರೆಗೂ ಹೋಗಬೇಕು. ನಮ್ಮ ಮನೆಯಲ್ಲಿ ವಾರಗಟ್ಟಲೆ ಎಲ್ಲರ ನಿದ್ದೆ ಕೆಡಿಸಿದ್ದು ಆ ಇಲ್ಲದ ಪದ.

ಊರಿಂದ ವಾಪಸ್ ಬಂದಮೇಲೆ ಆಫೀಸಿನ ಮೀಟಿಂಗೊಂದರಲ್ಲಿ ಇದೇ ಥರದ ಚರ್ಚೆ. ಫಿಲ್ಮಿನ ಕಾಲದಲ್ಲಿ ಕಿರಣ ಜಾಸ್ತಿಯಾದರೆ ಫಿಲ್ಮ್ ಕರ್ರಗಾಗುತ್ತಿತ್ತು, ಕಡಿಮೆಯಾದರೆ ಬಿಳುಚಿಕೊಳ್ಳುತ್ತಿತ್ತು. ತಪ್ಪು ಕಣ್ಣಿಗೆ ಹೊಡೀತಿತ್ತು. ಡಿಜಿಟಲ್‌ನಲ್ಲಿ ನಮ್ಮಂಥವರು ಬರೆದ ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಹದಕ್ಕೆ ತಂದುಬಿಡುತ್ತೆ. ಕಿರಣ ಕಡಿಮೆಯಾದರೆ ಚಿತ್ರ ರವೆರವೆಯಾಗಿ ಕಾಣುತ್ತೆ, ಡಾಕ್ಟರು ಬೈತಾರೆ. ಎರಡು ಪಟ್ಟಾದರೆ? ನುಣ್ಣಗೆ, ಚೆಂದವಾಗಿ ಕಾಣುತ್ತೆ. ಯಾರೂ ಬೈಯಲ್ಲ. ಹಾಗಾಗಿ ಗೊತ್ತೇ ಆಗದ ಹಾಗೆ ಡೋಸು ವರ್ಷದಿಂದ ವರ್ಷಕ್ಕೆ ತೆವಳಿಕೊಂಡು ಮೇಲೇರುತ್ತೆ. ಇದಕ್ಕೆ ಡೋಸ್ ಕ್ರೀಪ್ ಅಂತಲೇ ಹೆಸರಿದೆ. ಇದನ್ನು ಹಿಡಿಯೋಕೆ 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕವೊಂದರ ಪ್ರಕಾರ ಪ್ರತಿ ಚಿತ್ರದ ಜೊತೆ ಒಂದು ಅಂಕಿ ತೋರಿಸಬಹುದು. ಸೊನ್ನೆ ಇದ್ದರೆ ಗುರಿಯಿಟ್ಟಷ್ಟೇ ಕಿರಣ, +3 ಅಂದರೆ ಅದರ ಎರಡರಷ್ಟು, -3 ಅಂದರೆ ಅರ್ಧ. ಆ ಅಂಕಿ ತೆಗೆದರೆ ಪರದೆ ಕ್ಲೀನ್ ಆಗಿ ಕಾಣುತ್ತೆ ಅನ್ನೋ ಸಲಹೆ ಮೀಟಿಂಗಿನಲ್ಲಿ ಬಂತು. ನಮ್ಮ ಹಿರಿಯರು ಅವತ್ತು ದನಿ ಏರಿಸಿದ್ದನ್ನು ಮೊದಲ ಸಲ ಕೇಳಿದೆ. "ಚಿತ್ರ ಚೆಂದ ಇದ್ದರೆ ಸಾಲದು ಕಣ್ರೀ, ಎಷ್ಟು ಕೊಟ್ಟು ತಂದದ್ದು ಅಂತಲೂ ಕಾಣಬೇಕು." ಅಂಕಿ ಉಳೀತು. ಕಿರಣ ಯಾವ ಕಡೆಯಿಂದ ಬಂತು ಅನ್ನೋದನ್ನೂ ಅದರ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಹಾಕೋಣ ಅಂತ ನಾನು ಸೇರಿಸಿದೆ. ಅದೂ ಪಾಸಾಯ್ತು.

ಇಷ್ಟು ಓದಿ ಎಕ್ಸ್-ರೇಗೆ ಹೆದರಬೇಡಿ. ಸರಿಯಾಗಿ ತೆಗೆದ ಒಂದು ಎದೆಯ ಚಿತ್ರಕ್ಕೆ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ನಮಗೆ ಬರೋದು ಜಗತ್ತಿನ ಸರಾಸರಿಯಲ್ಲಿ 2.4. ಅಂದರೆ ಮೂರು ದಿನ ಸುಮ್ಮನೆ ಬದುಕಿದ್ದರೆ ಬೀಳುವಷ್ಟು. ಆದರೆ ಚಿತ್ರ ಕೆಟ್ಟರೆ ಮತ್ತೊಂದು ತೆಗೆಯಬೇಕು, ಮಕ್ಕಳ ವಿಷಯದಲ್ಲಿ ಅದು ಇನ್ನೂ ಮುಖ್ಯ. ನಮ್ಮ ಕೈಲಾಗೋದೂ ಸ್ವಲ್ಪ ಇದೆ. ಸರ, ತಾಯಿತ ಮೊದಲೇ ತೆಗೆದಿಡಿ. ಗರ್ಭಿಣಿ ಇರಬಹುದು ಅನ್ನಿಸಿದರೆ ಕೇಳೋ ಮುಂಚೆಯೇ ಹೇಳಿ. ಹಳೇ ಚಿತ್ರ ಇದ್ದರೆ ಒಯ್ಯಿರಿ. ಉಸಿರು ಎಳ್ಕೊಳ್ಳಿ ಅಂದಾಗ ಪೂರ್ತಿ ಎಳ್ಕೊಳ್ಳಿ.

ನಿಮ್ಮ ಮನೆಯ ಬೀರುವಿನ ಮೇಲೂ ಧೂಳು ಹಿಡಿದ ದೊಡ್ಡ ಕವರಿನಲ್ಲಿ ಹಳೇ ಎದೆಯ ಫಿಲ್ಮ್ ಒಂದು ಇದ್ದೇ ಇರುತ್ತೆ. ಕಿಟಕಿಯ ಬೆಳಕಿಗೆ ಹಿಡಿದು ಪಕ್ಕೆಲುಬು ಎಣಿಸಿ ನೋಡಿ. ಎಷ್ಟು ಸಿಕ್ಕಿತು ಅಂತ ಕಾಮೆಂಟಿನಲ್ಲಿ ಹೇಳಿ!