ಜರಡಿಯ ಕಣ್ಣು

ತೂತು ಬಿದ್ದ ತಪ್ಪಲೆಯನ್ನು ಹಳೆಪಾತ್ರೆಯವನಿಗೆ ಹಾಕಿಬಿಡುವ ನಾವು, ಮೈಯೆಲ್ಲ ತೂತೇ ಆಗಿರುವ ಜರಡಿಯನ್ನು ದುಡ್ಡು ಕೊಟ್ಟು ತರುತ್ತೇವೆ. ತಂದ ಮೇಲೆ ಅದಕ್ಕೊಂದು ಮೊಳೆ ತೋರಿಸಿ ಮರೆತುಬಿಡುತ್ತೇವೆ. ಹಬ್ಬ ಬಂದಾಗಲೋ ಹಿಟ್ಟಿನಲ್ಲಿ ಹುಳು ಕಂಡಾಗಲೋ ಅದರ ನೆನಪು. ಮಿಕ್ಕಂತೆ ಅದಕ್ಕೆ ಸಿಗುವುದು ಬೈಗುಳವೇ. ಕೈಯಲ್ಲಿ ಕಾಸು ನಿಲ್ಲದವರನ್ನು ಕಂಡರೆ ‘ಜರಡಿಯಲ್ಲಿ ನೀರು ಹಿಡಿದ ಹಾಗೆ’ ಎನ್ನುತ್ತೇವಲ್ಲ, ಹಾಗೆ. ನಮ್ಮ ಕಡೆ ಜರಡಿ, ಮೈಸೂರಿನ ಕಡೆ ವಂದರಿ, ಧಾರವಾಡದ ಕಡೆಯವರಿಗೆ ಸಾಣಿಗೆ. ಹೆಸರು ಯಾವುದಾದರೂ ಮರ್ಯಾದೆ ಮಾತ್ರ ಅಷ್ಟಕ್ಕಷ್ಟೆ.

ನನಗೆ ಜರಡಿ ಹಿಡಿಯಲು ಕಲಿಸಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಬಂದ ದಿನವೇ ಅವರಿಗೆ ಅಡುಗೆಮನೆ ಕಾಯಂ ಆಯಿತು. ಬೀಸುಕಲ್ಲಿನಲ್ಲಿ ಒಡೆದ ಗೋಧಿಯನ್ನು ಅವರು ಎರಡು ಜರಡಿಗಳಲ್ಲಿ ಆಡಿಸುತ್ತಿದ್ದರು. ಮೊದಲನೆಯದರಲ್ಲಿ ಕೆಳಗೆ ಬಿದ್ದದ್ದು ಚಪಾತಿ ಹಿಟ್ಟು. ಮೇಲೆ ನಿಂತದ್ದನ್ನು ಎರಡನೆಯದಕ್ಕೆ ಸುರಿದರೆ ಸಣ್ಣ ರವೆ ಕೆಳಗೆ, ಉಪ್ಪಿಟ್ಟಿನ ದಪ್ಪ ರವೆ ಮೇಲೆ. ಮೊರದಲ್ಲಿ ಕೇರಿ ತೆಗೆದ ಬೂಸಾ ದನಕ್ಕೆ. ಒಂದರಲ್ಲಿ ಬಿದ್ದದ್ದು ಬೇಕು, ಇನ್ನೊಂದರಲ್ಲಿ ನಿಂತದ್ದು ಬೇಕು. ಜರಡಿಗೆ ಗೊತ್ತಿರುವುದು ದಪ್ಪ, ಸಣ್ಣ, ಎರಡೇ. ಯಾವುದು ಒಳ್ಳೆಯದು ಎನ್ನುವ ತೀರ್ಮಾನ ಹಿಡಿದ ಕೈಯದು.

ಆ ತೀರ್ಮಾನದಲ್ಲಿ ನಾವು ಎಷ್ಟೋ ಸಲ ಎಡವುತ್ತೇವೆ. ಮುದ್ದೆ ನಯವಾಗಲೆಂದು ರಾಗಿ ಹಿಟ್ಟನ್ನು ತೀರಾ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ಮೇಲುಳಿದ ತರಿಯನ್ನು ಚೆಲ್ಲುವವರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಸತ್ವವಿದೆ. ಕಾಳಿನ ಹೊರಸಿಪ್ಪೆಯಲ್ಲಿ ಅದರ ಪಾಲು ಹೆಚ್ಚು. ಹೀಗೆ ಮೂಳೆಗೆ ಬೇಕಾದದ್ದನ್ನು ಹೊರಗೆ ಹಾಕಿ, ಆಮೇಲೆ ಮಂಡಿನೋವಿಗೆ ಮಾತ್ರೆ ತರುತ್ತೇವೆ.

ಬೆಲ್ಲದ ವಿಷಯ ಬೇರೆ. ಹೋಳಿಗೆಗೆ ಬೆಲ್ಲ ಕರಗಿಸಿ ಸೋಸುವಾಗ ಅತ್ತೆ ಬಟ್ಟೆಯಲ್ಲಿ ಉಳಿದ ಮರಳು, ಕಬ್ಬಿನ ಸಿಪ್ಪೆಯ ಚೂರು ತೋರಿಸಿ, “ನೋಡೇ ಪುಟ್ಟಿ, ಸಿಹಿ ಅನ್ನೋದು ಸೋಸದೆ ಬರಲ್ಲ” ಎನ್ನುತ್ತಿದ್ದರು. ಆ ಮಾತು ಅವರಂದುಕೊಂಡದ್ದಕ್ಕಿಂತ ನಿಜವೆಂದು ನನಗೆ ತಿಳಿದದ್ದು 1996ರಲ್ಲಿ, ಮಗಳು ಪಿ.ಯು.ಸಿ.ಗೆ ಸಸ್ಯಶಾಸ್ತ್ರ ಓದುತ್ತಿದ್ದಾಗ. ಅಪ್ಪ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೇ ಬಂದಿದ್ದರು. ಅಂದು ನಾವಿಬ್ಬರೂ ಪಲ್ಯಕ್ಕೆಂದು ಬಾಳೆಹೂವು ಬಿಡಿಸುತ್ತಿದ್ದೆವು. ಎಳೆ ಹೂವಿನ ಬುಡದಲ್ಲಿ ಅಂಟಂಟಾಗಿ ನಿಂತ ಮಕರಂದವನ್ನು ಚೀಪುತ್ತಾ, “ಈ ಸಿಹಿ ಹೂವಿಗೆ ಎಲ್ಲಿಂದ ಬರುತ್ತೆ?” ಎಂದು ನಾನು ಕೇಳಿದೆ. ಮಗಳು ಪುಸ್ತಕದಿಂದ ತಲೆಯೆತ್ತದೆ, “ಜರಡಿಯಿಂದಮ್ಮ” ಎಂದಳು.

ಎಲೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಅದನ್ನು ಬೇರಿಗೆ, ಕಾಯಿಗೆ, ಹೂವಿಗೆ ಸಾಗಿಸಲು ಗಿಡದೊಳಗೆ ಸಣ್ಣ ಕೊಳವೆಗಳಿವೆ. ಒಂದರ ತುದಿಗೆ ಒಂದು ಜೋಡಿಸಿದ ಜೀವಕೋಶಗಳೇ ಆ ಕೊಳವೆ. ಎರಡರ ನಡುವಿನ ಗೋಡೆ ಥೇಟ್ ನಮ್ಮ ಜರಡಿಯಂತೆ ತೂತುತೂತು. 1837ರಲ್ಲಿ ಜರ್ಮನಿಯ ಅರಣ್ಯ ವಿಜ್ಞಾನಿ ಥಿಯೋಡೋರ್ ಹಾರ್ಟಿಗ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡು ಜರಡಿಯ ಹೆಸರನ್ನೇ ಇಟ್ಟರಂತೆ. ಕಬ್ಬಿನ ಜಲ್ಲೆ ತುಂಬುವ ಸಕ್ಕರೆಯೂ ಈ ಜರಡಿ ನಾಳಗಳಲ್ಲೇ ಇಳಿದು ಬಂದದ್ದು, ಹೂವಿನ ಮಕರಂದದ ಸಕ್ಕರೆಯೂ ಹೆಚ್ಚಾಗಿ ಇಲ್ಲಿಂದಲೇ. ಮರದ ಸುತ್ತ ಉಂಗುರದಂತೆ ತೊಗಟೆ ಸುಲಿದರೆ ಈ ದಾರಿ ಕಡಿದುಹೋಗಿ, ಬೇರು ಹಸಿದು, ಕಾಲಕ್ರಮದಲ್ಲಿ ಮರವೇ ಒಣಗುತ್ತದೆ.

“ಇನ್ನೊಂದು ಕೇಳಮ್ಮ,” ಎಂದಳು ಮಗಳು. “ಈ ಜರಡಿ ಕೋಶ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಕಳೆದುಕೊಳ್ಳುತ್ತೆ. ಒಳಗೆ ಜಾಗ ಖಾಲಿಯಾದರೇ ಸಕ್ಕರೆ ಹರಿಯೋದು.”

ಅಲ್ಲಿದ್ದ ನನ್ನ ಯಜಮಾನರು ನಕ್ಕು, “ಹೆಣ್ಣುಮಕ್ಕಳ ಹಾಗೆ. ತಮ್ಮದನ್ನೆಲ್ಲ ಬಿಟ್ಟು ಮನೆಗೆ ಸಿಹಿ ಹಂಚುತ್ತಾರೆ” ಎಂದರು. ಹೊಗಳಿಕೆಯ ಮಾತೇ. ಅತ್ತೆ ಮಾತ್ರ ಹೂವು ಬಿಡಿಸುವುದನ್ನು ನಿಲ್ಲಿಸಿ, “ಮತ್ತೆ ಅದು ಬದುಕೋದು ಹೇಗೆ, ಮಗು?” ಎಂದು ಕೇಳಿದರು.

ಅದಕ್ಕೂ ಉತ್ತರವಿತ್ತು. ಪ್ರತಿ ಜರಡಿ ಕೋಶದ ಪಕ್ಕದಲ್ಲೂ ಸಂಗಾತಿ ಕೋಶವೊಂದು ಅಂಟಿಕೊಂಡಿರುತ್ತದೆ. ತನಗೂ ಪಕ್ಕದವಳಿಗೂ ಸೇರಿಸಿ ಅದೇ ಸಂಸಾರ ನಡೆಸುತ್ತದೆ. ಸಂಗಾತಿ ಸತ್ತರೆ ಜರಡಿಯೂ ಉಳಿಯದು. ಅಷ್ಟೇ ಅಲ್ಲ, ಗಿಡಕ್ಕೆ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ಜರಡಿಯ ಕಣ್ಣುಗಳಿಗೆ ಕ್ಯಾಲೋಸ್ ಎಂಬ ಪದಾರ್ಥ ಮೆತ್ತಿಕೊಂಡು ದಾರಿ ಮುಚ್ಚುತ್ತದೆ. ಇಲ್ಲದಿದ್ದರೆ ಸಿಹಿಯೆಲ್ಲ ಸೋರಿಹೋದೀತು. ಅತ್ತೆ ‘ಹೂಂ’ ಎಂದು ಮತ್ತೆ ಕೆಲಸಕ್ಕೆ ಕೈ ಹಾಕಿದರು. ನಲವತ್ತಾರು ವರ್ಷ ಒಲೆಯ ಮುಂದೆ ಕೂತವರ ಪಕ್ಕದಲ್ಲಿ ಯಾವ ಸಂಗಾತಿ ಇತ್ತು ಎಂದು ನಾನು ಲೆಕ್ಕ ಹಾಕಿದೆ. ಉತ್ತರ ಸಿಗಲಿಲ್ಲ.

ಅದೇ ವರ್ಷ ನಾವು ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದೆವು. ಒಂದು ಬೆಳಿಗ್ಗೆ ಲಾರಿ ಮರಳು ಬಂದು ಬಿತ್ತು. ಅತ್ತೆ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ, ಚೆಲ್ಲಿ, ಕೈಗೆ ಮೆತ್ತಿದ ಕೆಂಪು ತೋರಿಸಿದರು. “ಇದರಲ್ಲಿ ಮಣ್ಣಿದೆ. ಜರಡಿ ಹಿಡಿದರೆ ಗೊತ್ತಾಗುತ್ತೆ.” ಗುತ್ತಿಗೆದಾರ ನಕ್ಕ. “ಅಜ್ಜಿ, ಇದು ಚಿರೋಟಿ ರವೆಯಲ್ಲ” ಎಂದ. ನನಗೆ ಕೆರಳಿತು. ಒಂದು ಚೀಲ ಮರಳನ್ನು ಊರಿನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಹೊರಿಸಿಕೊಂಡು ಹೋದೆ, ಅತ್ತೆಯನ್ನೂ ಕರೆದುಕೊಂಡು.

ಅಲ್ಲಿ ಕಂಡದ್ದು ನಮ್ಮ ಅಡುಗೆಮನೆಯೇ! ದುಂಡನೆಯ ಜರಡಿಗಳು ಒಂದರ ಮೇಲೊಂದು. ಮೇಲೆ 4.75 ಮಿಲಿಮೀಟರ್ ಕಣ್ಣಿನದು, ಅದರ ಕೆಳಗೆ 2.36, 1.18, ಆಮೇಲೆ 600, 300, 150 ಮೈಕ್ರಾನ್, ತಳದಲ್ಲಿ ತಟ್ಟೆ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಒಣಮರಳು ಸುರಿದು ಯಂತ್ರದಲ್ಲಿ ಆಡಿಸಿ, ಪ್ರತಿ ಜರಡಿಯಲ್ಲಿ ನಿಂತದ್ದನ್ನು ತೂಗುತ್ತಾರೆ. ದಪ್ಪ ಹರಳು, ಸಣ್ಣ ಹರಳು ಹದವಾಗಿ ಬೆರೆತಿದ್ದರೆ ಸಂದು ಕಡಿಮೆಯಾಗಿ ಕಾಂಕ್ರೀಟ್ ಗಟ್ಟಿ ಕೂರುತ್ತದೆ. ಸಿಮೆಂಟಿಗೂ ಇಂಥದೇ ಪರೀಕ್ಷೆಯಿದೆ. ಅದಕ್ಕೆ 90 ಮೈಕ್ರಾನ್ ಜರಡಿ. ಸಾದಾ ಸಿಮೆಂಟಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೇಲೆ ನಿಲ್ಲಬಾರದು.

ಮಣ್ಣಿನ ಪರೀಕ್ಷೆಗೆ ಮರಳನ್ನು 75 ಮೈಕ್ರಾನ್ ಜರಡಿಯ ಮೇಲೆ ನೀರು ಹಾಕಿ ತೊಳೆದರು. ಹೊಳೆಮರಳಿನಲ್ಲಿ ಹೀಗೆ ತೊಳೆದುಹೋಗುವ ಧೂಳು ತೂಕದಲ್ಲಿ ನೂರಕ್ಕೆ 3ನ್ನು ಮೀರಬಾರದೆಂದು ಭಾರತೀಯ ಮಾನಕ 383 ಹೇಳುತ್ತದೆ. (ಈಗ ಎಲ್ಲೆಡೆ ಬಳಸುವ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡಿಗೆ ಮಿತಿ ಬೇರೆ.) ಮಣ್ಣು ಹರಳಿನ ಮೈಗೆ ಮೆತ್ತಿಕೊಂಡರೆ ಸಿಮೆಂಟ್ ಹಿಡಿಯದು, ನೀರು ಹೆಚ್ಚು ಬೇಡುತ್ತದೆ, ಗೋಡೆ ಬಿರುಕು ಬಿಡುತ್ತದೆ. ನಮ್ಮ ಮರಳಿನಲ್ಲಿದ್ದದ್ದು 7. ಚೀಟಿ ನೋಡಿ ಗುತ್ತಿಗೆದಾರ ತೆಪ್ಪಗೆ ಬೇರೆ ಮರಳು ತರಿಸಿದ. ಪ್ರಯೋಗಾಲಯದ ಹುಡುಗ, “ಹೇಗೆ ಗೊತ್ತಾಯ್ತು ಅಜ್ಜಿ?” ಎಂದು ಕೇಳಿದಾಗ ಅತ್ತೆಯ ಮುಖದಲ್ಲಿ ನಾನು ಹಿಂದೆಂದೂ ಕಾಣದ ಬಿಗಿಯೊಂದು ಸಡಿಲಿತು. ಅವರ ಕೈಯ ಕೆಲಸಕ್ಕೆ ವಿದ್ಯೆಯೆಂಬ ಗೌರವ ಕೊಟ್ಟವರು ಅವನೇ ಮೊದಲಿಗ.

ಗೃಹಪ್ರವೇಶಕ್ಕೆ ಮೊದಲು ನೆಂಟರೆಲ್ಲ ಸೇರಿ ಚಿರೋಟಿಯ ಹೊಣೆಯನ್ನು ಎಂದಿನಂತೆ ಅತ್ತೆಗೆ ವಹಿಸಿದರು. ಅತ್ತೆ ಶಾಂತವಾಗಿ, “ಈ ಸಲ ನಾನು ಮಾಡಲ್ಲ. ಎಲೆ ಮುಂದೆ ಕೂರ್ತೀನಿ. ಅದೂ ಮೊದಲನೇ ಪಂಕ್ತಿಗೆ” ಎಂದರು. ಮನೆ ಸ್ತಬ್ಧವಾಯಿತು. ನಮ್ಮ ಬಳಗದಲ್ಲಿ ಗಂಡ ಸತ್ತವರಿಗೆ ಕೊನೆಯ ಪಂಕ್ತಿ, ಅದೂ ಒಳಗಿನ ಕೋಣೆಯಲ್ಲಿ. ಹಿರಿಯರೊಬ್ಬರು, “ವಯಸ್ಸಾದ ಹಾಗೆ ಮನಸ್ಸು ಕಲ್ಲಾಯ್ತು” ಎಂದು ಗೊಣಗಿದರು. ನನಗೆ ಕ್ಯಾಲೋಸ್ ನೆನಪಾಯಿತು. ಗಾಯವಾದ ಕಡೆ ಗಿಡ ದಾರಿ ಮುಚ್ಚಿದರೆ ಅದನ್ನು ಕಲ್ಲೆದೆ ಎನ್ನುತ್ತೇವೆಯೇ? ಸುದ್ದಿಯಾಗದಂತೆ ನಾನೇ ಅಡುಗೆಯವರನ್ನು ಗೊತ್ತುಮಾಡಿದೆ.

ಆ ದಿನ ಅತ್ತೆ ಹಜಾರದಲ್ಲಿ, ಮೊದಲನೇ ಪಂಕ್ತಿಯಲ್ಲಿ, ನನ್ನ ಮಗಳ ಪಕ್ಕ ಕೂತರು. ಎಲೆಗೆ ಚಿರೋಟಿ ಬಿತ್ತು, ಸಕ್ಕರೆ ಪುಡಿ ಬಿತ್ತು, ಬಾದಾಮಿ ಹಾಲೂ ಬಿತ್ತು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಡಿಸುತ್ತಿದ್ದ ನಾನು ಉಸಿರು ಹಿಡಿದು ನಿಂತೆ.

“ರವೆ ಸರಿಯಾಗಿ ಜರಡಿ ಹಿಡಿದಿಲ್ಲ ಕಣೆ,” ಎಂದರು ಅತ್ತೆ. “ಆದರೂ ಇನ್ನೊಂದು ಹಾಕು.”